ಎರಡು ಸೇರು ರಾಗಿಯ ಚೂರಿ

"ಪ್ರಭು, ಇಂಥ ಚೂರಿ ಹಿಂದೆ ಹುಟ್ಟಿದ್ದಿಲ್ಲ, ಮುಂದೆ ಹುಟ್ಟುವುದೂ ಇಲ್ಲ!"

ಕಿರುಗಲ್ಲಿನ ದೊರೆ ಸೂರಪ್ಪ ನಾಯಕನ ಓಲಗದಲ್ಲಿ ಹೀಗೆ ಜಂಬ ಕೊಚ್ಚಿದವನು ಆಯುಧಶಾಲೆಯ ಅಧಿಕಾರಿ ಭುಜಂಗಪ್ಪ. ಬಂದರಿನ ವರ್ತಕನಿಗೆ ಐನೂರು ವರಹ ಸುರಿದು ತರಿಸಿದ ಚೂರಿ ಅವನ ಅಂಗೈ ಮೇಲಿತ್ತು. ದಂತದ ಹಿಡಿ, ಹಿಡಿಯ ತುಂಬ ಕೆಂಪು ಹರಳು. ವರಹ ದೊರೆಯದು, ಜಂಬ ಮಾತ್ರ ಭುಜಂಗಪ್ಪನದು.

ದೊರೆ ಚೂರಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಗ್ಗಿದ. ಅದೇ ಸಮಯವೆಂದು ಭುಜಂಗಪ್ಪ ಇನ್ನೊಂದು ಮಾತು ತೆಗೆದ.

"ಇಂಥ ಚೂರಿ ಇರುವ ಅರಮನೆಯಲ್ಲಿ ಅಡುಗೆಯವನಿಂದ ಕಾವಲುಗಾರನವರೆಗೆ ಎಲ್ಲರ ಸೊಂಟದಲ್ಲೂ ಆ ಮೋನಪ್ಪಾಚಾರಿಯ ಚೂರಿ! ಎರಡು ಸೇರು ರಾಗಿ ಅಳೆದರೆ ಒಂದು ಕೊಡುತ್ತಾನೆ. ಪರರಾಜ್ಯದ ರಾಯಭಾರಿಗಳು ಕಂಡರೆ ನಗುವುದಿಲ್ಲವೇ? ಅವನ ಕುಲುಮೆ ಮುಚ್ಚಿಸಿಬಿಡಿ, ಪ್ರಭು."

ಮೋನಪ್ಪಾಚಾರಿ ಊರ ಕಮ್ಮಾರ. ಹಳೇ ಗಾಡಿಚಕ್ರದ ಪಟ್ಟಿಯನ್ನು ಕಾಯಿಸಿ ಬಡಿದು ಚೂರಿ ಮಾಡುತ್ತಿದ್ದ. ಮೊನೆಯಿಂದ ಹಿಡಿಯ ತುದಿಯವರೆಗೂ ಒಂದೇ ಕಬ್ಬಿಣ, ಎರಡು ಬದಿಗೆ ಜಾಲಿಮರದ ಹೋಳು, ಮೇಲೊಂದು ತೊಗಲಿನ ಒರೆ. ಮಡಚುವುದಿಲ್ಲ, ಅಲುಗಾಡುವುದಿಲ್ಲ, ನಿಜ ಹೇಳಬೇಕೆಂದರೆ ನೋಡಲು ಚಂದವೂ ಇಲ್ಲ.

ಕರೆಸಿದ್ದಕ್ಕೆ ಓಡಿ ಬಂದ ಮೋನಪ್ಪ ದೊರೆಯ ಕಾಲಿಗೆ ಬಿದ್ದ. "ಬುದ್ಧಿ, ಮನೇಲಿ ನಾಕು ಮಕ್ಳವೆ. ಕುಲುಮೆ ಆರಿದ್ರೆ ಒಲೇನೂ ಆರ್ತದೆ. ನನ್ ಚೂರಿ ಇವತ್ತಿನವರ್ಗೂ ಯಾರ್ಗೂ ಕೈಕೊಟ್ಟಿಲ್ಲ."

ಪಾಪ, ಅವನ ಮಾತು ಕೇಳುವವರು ಯಾರು? ದೊರೆಯ ಕಣ್ಣು ಕೆಂಪು ಹರಳಿನ ಮೇಲಿತ್ತು.

"ಅರಮನೆಯ ಮಾನದ ಪ್ರಶ್ನೆ ಇದು. ನಾಳೆಯಿಂದ ನಿನ್ನ ಕುಲುಮೆ ಹೊತ್ತಿಸಕೂಡದು."

"ತಪ್ಪು, ಪ್ರಭು!" ಎಂದಿತು ಸಿಂಹಾಸನದ ಪಕ್ಕದ ದನಿ.

ಅದು ಹಡಪದ ಸಿರಿಯಣ್ಣನದು. ದೊರೆಗೆ ಹೊತ್ತು ಹೊತ್ತಿಗೆ ವೀಳ್ಯ ಮಡಿಸಿ ಕೊಡುವ ಕೆಲಸ ಅವನಿಗೆ. ಕೈ ಎಲೆಗೆ ಸುಣ್ಣ ಹಚ್ಚುತ್ತಿದ್ದರೂ ಕಣ್ಣು ಅರಮನೆಯ ಮೂಲೆ ಮೂಲೆಯಲ್ಲಿರುತ್ತಿತ್ತು.

"ಏನಯ್ಯಾ ತಪ್ಪು?"

"ನಾಳೆಯಿಂದ ಅಂದದ್ದು. ರಾಯಭಾರಿಗಳು ಇವತ್ತೇ ಬಂದುಬಿಟ್ಟರೆ? ಮೋನಪ್ಪ ಮಾಡಿದ ಚೂರಿ, ಮಚ್ಚು, ಈಳಿಗೆ, ಒಂದೂ ಬಿಡದೆ ಈಗಲೇ ಗೋಣಿಗೆ ತುಂಬಿಸಿ ಉಗ್ರಾಣದಲ್ಲಿಟ್ಟು ಬೀಗ ಹಾಕಿಸಿ. ಇಗೋ, ಮೊದಲು ನನ್ನದು!"

"ನಿನ್ನ ಬಾಯಲ್ಲೂ ಒಳ್ಳೆ ಮಾತು ಬರುತ್ತದಲ್ಲ!" ಎಂದು ಭುಜಂಗಪ್ಪ ತಾನೇ ಗೋಣಿ ಹಿಡಿದು ಹೊರಟ.

ಮೋನಪ್ಪ ಬೆಪ್ಪಾಗಿ ನಿಂತಿದ್ದ. ಸಿರಿಯಣ್ಣ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಎಲ್ಲೂ ಹೋಗಬೇಡ, ಇಲ್ಲೇ ಬಾಗಿಲ ಹತ್ತಿರ ಕೂತಿರು. ಕುಲುಮೆಯ ಕೆಂಡವನ್ನೂ ಆರಿಸಬೇಡ."

ಮಧ್ಯಾಹ್ನದ ಹೊತ್ತಿಗೆ ಅರಮನೆಯ ಅವಸ್ಥೆ ನೋಡಬೇಕಿತ್ತು. ಇಡೀ ಕುಂಬಳಕಾಯಿಯನ್ನು ಎದುರಿಗಿಟ್ಟುಕೊಂಡು ಅಡುಗೆಯವನು ಕೆನ್ನೆಗೆ ಕೈಕೊಟ್ಟು ಕೂತಿದ್ದ. ಹೂವಿನವಳು ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿ ಹರಿದಿದ್ದಳು. ಎಂಜಲು ಹಾರ ದೇವರಿಗೆ ಬೇಡವೆಂದು ಪೂಜಾರಿಯ ಬೊಬ್ಬೆ ಬೇರೆ.

ಗರಡಿಯಲ್ಲಿ ಸಾಮು ಮಾಡಿ ಬೆವರು ಸುರಿಸುತ್ತ ಬಂದ ದೊರೆ, "ಎಳನೀರು!" ಎಂದ.

ಚೂರಿ ಇಲ್ಲ, ಮಚ್ಚಿಲ್ಲ. ಕಾವಲುಗಾರನೊಬ್ಬ ಕತ್ತಿ ಎತ್ತಿ ಬೀಸಿಯೇಬಿಟ್ಟ. ಕಾಯಿ ಎರಡು ಹೋಳಾಯಿತು, ನೀರೆಲ್ಲ ಮಣ್ಣುಪಾಲು. ಇನ್ನೊಂದು ಕಾಯಿಗೂ ಅದೇ ಗತಿ.

ದೊರೆಗೆ ಸಿಟ್ಟು ನೆತ್ತಿಗೇರಿತು. "ಐನೂರು ವರಹದ ಚೂರಿ ಯಾತಕ್ಕಿದೆ? ತನ್ನಿ ಅದನ್ನು!"

ಭುಜಂಗಪ್ಪನ ಮುಖ ಸಪ್ಪಗಾಯಿತು. "ಎಳನೀರಿಗೆ ಆ ಚೂರಿಯೇ, ಪ್ರಭು? ಹರಳು ಉದುರಿದರೆ..."

"ತಾ ಎಂದೆ!"

ಪೆಟ್ಟಿಗೆ ಬಂತು. ಆಯುಧಶಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಬೆಲೆಬಾಳುವ ಆಯುಧದ ಪೆಟ್ಟಿಗೆಗೆ ಹಸಿ ತೊಗಲಿನ ಪಟ್ಟಿ ಸುತ್ತಿ ಬಿಸಿಲಿಗಿಡುವುದು. ಒಣಗಿದ ಮೇಲೆ ಅದನ್ನು ಬಿಚ್ಚಲಾಗದು, ಕೊಯ್ದೇ ತೆಗೆಯಬೇಕು. ಕಳ್ಳ ಕೈ ಹಾಕಿದರೆ ಗೊತ್ತಾಗಲಿ ಎಂದು ಹಿರಿಯರು ಮಾಡಿದ್ದ ಉಪಾಯ. ಓಲಗ ಮುಗಿದೊಡನೆ ಭುಜಂಗಪ್ಪ ಹೊಸ ಚೂರಿಯ ಪೆಟ್ಟಿಗೆಗೂ ಹಾಗೇ ಮಾಡಿಸಿದ್ದ.

ಭುಜಂಗಪ್ಪ ಉಗುರು ಹಾಕಿ ಎಳೆದ. ಹಲ್ಲು ಹಾಕಿ ಎಳೆದ. ಹಲ್ಲು ಅಲುಗಾಡಿತು, ಪಟ್ಟಿ ಅಲುಗಾಡಲಿಲ್ಲ. ಕಾವಲುಗಾರ ಉತ್ಸಾಹದಿಂದ ಮತ್ತೆ ಕತ್ತಿ ಎತ್ತಿದ.

"ಬೇಡವೋ! ಒಳಗಿರುವ ಚೂರಿಯೂ ಹೋಳಾದೀತು!" ಎಂದು ಭುಜಂಗಪ್ಪ ಪೆಟ್ಟಿಗೆಯನ್ನು ತಬ್ಬಿಕೊಂಡ.

ದೊರೆ ಹುಬ್ಬು ಗಂಟಿಕ್ಕಿದ. "ಬೇರೆ ದಿನ ಈ ಪಟ್ಟಿಗಳನ್ನೆಲ್ಲ ಯಾವುದರಲ್ಲಿ ಕೊಯ್ಯುತ್ತೀಯ?"

"ಒಂದು... ಸಣ್ಣ ಚೂರಿ ಇದೆ, ಪ್ರಭು."

"ಎಲ್ಲಿದೆ?"

"ಗೋಣಿಯಲ್ಲಿ."

"ಯಾರು ಮಾಡಿದ್ದು?"

ಭುಜಂಗಪ್ಪ ನೆಲ ನೋಡಿದ. "ಮೋನಪ್ಪಾಚಾರಿ."

ದೊರೆಗೆ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದರೆ ಈ ಐನೂರು ವರಹದ ಮಹಾರಾಯ ಪೆಟ್ಟಿಗೆಯಿಂದ ಹೊರಗೆ ಬರಬೇಕಾದರೂ ಅದೇ ಚೂರಿ ಬೇಕು!"

ಬೀಗ ತೆಗೆದು ಗೋಣಿಯ ಬಾಯಿ ಬಿಚ್ಚಿದರು. ಬಾಗಿಲಲ್ಲಿ ಕೂತಿದ್ದ ಮೋನಪ್ಪ ಎದ್ದು ಬಂದು ತನ್ನ ಕೈಯಾರೆ ಮಾಡಿದ ಚೂರಿಯಿಂದ ಮೂರೇ ಏಟಿಗೆ ಎಳನೀರು ಕೆತ್ತಿ ಕೊಟ್ಟ. ಒಂದು ತೊಟ್ಟೂ ಚೆಲ್ಲಲಿಲ್ಲ. ದೊರೆ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ.

"ಹೋಗಯ್ಯಾ, ಕುಲುಮೆ ಹೊತ್ತಿಸು. ನನಗೂ ಒಂದು ಮಾಡಿಕೊಡು. ಏನು ಕೊಡಲಿ?"

"ಎರಡ್ ಸೇರು ರಾಗಿ, ಬುದ್ಧಿ. ಯಾರಿಗಾದ್ರೂ ಅಷ್ಟೇಯ."

ದೊರೆ ಮತ್ತೆ ನಕ್ಕು, ತನ್ನ ಬೆರಳಿನ ಉಂಗುರ ತೆಗೆದು ಸಿರಿಯಣ್ಣನ ಕೈಗೆ ಹಾಕಿದ. "ಎಲ್ಲ ಸರಿ. ನಾಳೆ ನನ್ನ ಸೊಂಟದಲ್ಲಿ ಈ ಚೂರಿ ಕಂಡು ರಾಯಭಾರಿಗಳು ನಕ್ಕರೆ?"

"ಧಾರಾಳವಾಗಿ ನಗಲಿ, ಪ್ರಭು," ಎಂದ ಸಿರಿಯಣ್ಣ. "ಐನೂರು ವರಹದ ಚೂರಿ ನೋಡಿ ಅಂತ ಪಟ್ಟಿ ಸಮೇತ ಈ ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟುಬಿಡೋಣ. ಸ್ವಲ್ಪ ಹೊತ್ತಿಗೆ ಅವರೇ ಕೇಳುತ್ತಾರೆ, ಮೋನಪ್ಪಾಚಾರಿಯ ಮನೆ ಎಲ್ಲಿ ಅಂತ!"