ಸದ್ದಿಲ್ಲದ ಸೋರಿಕೆ

"ಅಕ್ಕಾ, ಎಂಜಿನ್ನಿನ ಸೋರಿಕೆ ಅಳೆಯುವ ಮೀಟರು ಪೇಟೆಯಲ್ಲಿ ಎರಡು ಬಗೆಯದು ಸಿಗುತ್ತದೆ. ಒಂದರ ಬೆಲೆಗೆ ಇನ್ನೊಂದು ಬಗೆಯವು ಹತ್ತು ಬರುತ್ತವೆ. ಅಗ್ಗದ್ದನ್ನು ನಂಬಿ ಶೆಡ್ಡು ಶುರು ಮಾಡಬಹುದೇ?" ಎಂದು ಶಿಷ್ಯೆ ಕೇಳಿದಳು.

ಅಕ್ಕ ಕೈಯ ಗ್ರೀಸು ಒರೆಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಮುದಿ ಮೇಸ್ತ್ರಿಯೊಬ್ಬನ ಬಳಿ ಒಂಬತ್ತು ವರ್ಷ ಎಂಜಿನ್ ಕೆಲಸ ಕಲಿತಳು. ಲಟ್ಟಣಿಗೆ ಹಿಡಿಯುವ ಕೈಗೆ ಸ್ಪ್ಯಾನರು ಒಗ್ಗುವುದಿಲ್ಲ ಎಂದು ಊರು ನಕ್ಕಿತು. ಅದು ಅವಳಿಗೆ ತಾಗಲಿಲ್ಲ. ತಾಗಿದ್ದು ಮೇಸ್ತ್ರಿಯ ಮಾತು. ಸ್ವಂತ ಶೆಡ್ಡು ಹಾಕುತ್ತೇನೆ ಎಂದಾಗ ಅವನು ಹೇಳಿದ: "ನಿನ್ನಿಂದ ಆಗದು, ತಾಯಿ. ಕೈ ಒಳ್ಳೆಯದಿದೆ. ಕೇಳುವ ತಾಳ್ಮೆ ಇಲ್ಲ."

ಮೇಸ್ತ್ರಿಯ ಬಳಿ ಮೀಟರು ಇರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದ. ಆ ಹೊತ್ತು ಶೆಡ್ಡಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಚಹಾ ತಂದವನೂ ಬಾಗಿಲಲ್ಲೇ ನಿಲ್ಲುತ್ತಿದ್ದ. ಅಂಥ ಮೌನವನ್ನು ಅವಳು ಮತ್ತೆ ಎಲ್ಲೂ ಕಾಣಲಿಲ್ಲ.

ಮೇಸ್ತ್ರಿಯ ಅಂಗಡಿಯಿದ್ದ ರಸ್ತೆಯಲ್ಲೇ ಶೆಡ್ಡು ಹಾಕಿದಳು. ಅಗ್ಗದ ಮೀಟರೊಂದನ್ನು ಕೊಂಡಳು. ಎರಡು ತಿಂಗಳು ಯಾರೂ ಬರಲಿಲ್ಲ. ಮೇಸ್ತ್ರಿಗೆ ಜ್ವರ ಬಂದು ಅಂಗಡಿ ಮುಚ್ಚಿದ್ದ ದಿನ, ಅವನ ಇಪ್ಪತ್ತು ವರ್ಷದ ಗಿರಾಕಿಯಾದ ಟ್ಯಾಕ್ಸಿಯವನೊಬ್ಬ ಬಂದ. ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ ಎಂದ.

ಅವಳು ಪ್ಲಗ್ಗು ಬಿಚ್ಚಿದಳು. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿದಳು. ಪ್ಲಗ್ಗಿನ ಜಾಗಕ್ಕೆ ಮೀಟರಿನ ಪೈಪು ಕೂಡಿಸಿ ಗಾಳಿ ಬಿಟ್ಟಳು. ಒಳಗಿನ ಗಾಳಿ ಸೋರಿದಷ್ಟೂ ಮುಳ್ಳು ಇಳಿಯಬೇಕು. ಅದು ಅರ್ಧಕ್ಕೆ ಇಳಿಯಿತು.

ಎಂಜಿನ್ನಿನಿಂದ ಅಷ್ಟು ಗಾಳಿ ಹೋದರೆ ಎಲ್ಲಾದರೂ ಬುಸುಗುಟ್ಟಲೇಬೇಕು. ಅವಳು ಕಾರ್ಬ್ಯುರೇಟರಿಗೆ ಕಿವಿ ಕೊಟ್ಟಳು. ಸೈಲೆನ್ಸರಿಗೆ ಕೊಟ್ಟಳು. ಆಯಿಲ್ ಹಾಕುವ ಬಾಯಿಗೆ ಕೊಟ್ಟಳು. ಮೂರೂ ಕಡೆ ಸದ್ದಿಲ್ಲ. ಅಲ್ಲಿಗೆ ನಿಂತು ಯೋಚಿಸಬೇಕಿತ್ತು. ಆದರೆ ಎರಡು ತಿಂಗಳಿಂದ ಅವಳು ಏನು ಕೇಳಲು ಕಾದಿದ್ದಳೋ ಮುಳ್ಳು ಅದನ್ನೇ ಹೇಳುತ್ತಿತ್ತು.

"ಒಳಗೆಲ್ಲ ಸವೆದಿದೆ, ಅಣ್ಣಾ. ನಿನ್ನ ಮೇಸ್ತ್ರಿಗೆ ಈಗ ಕಿವಿ ಕೇಳಿಸುವುದಿಲ್ಲವೇನೋ" ಎಂದಳು.

ಸಂಜೆಯೊಳಗೆ ಆ ಮಾತು ಟ್ಯಾಕ್ಸಿ ಸ್ಟ್ಯಾಂಡಿನ ಎಲ್ಲರಿಗೂ ತಲುಪಿತು.

ಮರುದಿನ ಎಂಜಿನ್ ಬಿಚ್ಚಿದಳು. ಸಿಲಿಂಡರು ನುಣುಪಾಗಿತ್ತು. ಮೇಸ್ತ್ರಿ ಕೂಡಿಸಿದ್ದ ಒಂದು ಪಿಸ್ಟನ್ ರಿಂಗೂ ಸವೆದಿರಲಿಲ್ಲ. ಅವಳು ಮೀಟರಿನ ಪೈಪಿನ ತುದಿ ಮುಚ್ಚಿ, ಗಾಳಿ ಬಿಟ್ಟು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದಳು. ಒಂದು ಜೋಡಣೆಯಲ್ಲಿ ಗುಳ್ಳೆ ಎದ್ದವು. ಸೋರುತ್ತಿದ್ದದ್ದು ಮೀಟರು. ಎರಡು ಸುತ್ತು ಟೇಪು ಸುತ್ತಿದೊಡನೆ ನಿಂತಿತು. ಗಾಡಿಯ ರೋಗ ಪೆಟ್ರೋಲ್ ಪೈಪಿನಲ್ಲಿ ಕಟ್ಟಿದ್ದ ಕಸ, ಅಷ್ಟೇ.

ಅವಳು ಸ್ಟ್ಯಾಂಡಿಗೆ ಹೋಗಿ, ತಪ್ಪು ನನ್ನದು, ಮೇಸ್ತ್ರಿಯದಲ್ಲ ಎಂದು ಒಬ್ಬೊಬ್ಬರಿಗೂ ಹೇಳಿದಳು. ಅವರು ನಕ್ಕರು. ಗುರುವಿನ ಮೇಲಿನ ಮಮತೆಗೆ ಹೀಗೆ ಹೇಳುತ್ತಾಳೆ, ದೊಡ್ಡ ಮನಸ್ಸು ಎಂದರು. ಗಾಡಿಗಳು ಅವಳ ಶೆಡ್ಡಿಗೇ ಬರತೊಡಗಿದವು. ಅವಳು ಮೇಸ್ತ್ರಿಯ ಬಳಿಗೂ ಹೋಗಿ ಎಲ್ಲ ಹೇಳಿದಳು. ಅವನು ಕಣ್ಣು ಮುಚ್ಚಿ, ಎಂಜಿನ್ನಿನ ಸದ್ದು ಕೇಳುವಂತೆ, ಕೊನೆಯವರೆಗೂ ಕೇಳಿದ. ಆರು ತಿಂಗಳು ಖಾಲಿ ಅಂಗಡಿಯ ಬಾಗಿಲಲ್ಲಿ ಕೂತಿದ್ದು, ಒಂದು ದಿನ ಶಟರ್ ಎಳೆದ. ಆ ಉದ್ದನೆಯ ಸ್ಕ್ರೂಡ್ರೈವರನ್ನು ಅವಳಿಗೆ ಕಳಿಸಿಕೊಟ್ಟ.

ಅಕ್ಕ ಕತೆ ನಿಲ್ಲಿಸಿದರು.

"ಹಾಗಾದರೆ ಅಗ್ಗದ ಮೀಟರು ಕೆಟ್ಟದ್ದೇ, ಅಕ್ಕಾ?" ಎಂದು ಶಿಷ್ಯೆ ಕೇಳಿದಳು.

ಗೋಡೆಯ ಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರು ತೂಗುತ್ತಿತ್ತು. ಅದರ ಪಕ್ಕದ ಮೊಳೆಯಿಂದ ಅಕ್ಕ ಹಳೆಯ ಮೀಟರೊಂದನ್ನು ಇಳಿಸಿ ಶಿಷ್ಯೆಯ ಕೈಗಿಟ್ಟರು. ಜೋಡಣೆಯಲ್ಲಿ ಎರಡು ಸುತ್ತು ಟೇಪಿತ್ತು.

"ಇಪ್ಪತ್ತಾರು ವರ್ಷದಿಂದ ಸರಿಯಾಗಿಯೇ ತೋರಿಸುತ್ತಿದೆ. ಆದರೆ ನನಗೆ ಇದಕ್ಕೆ ಬಿದ್ದ ಬೆಲೆ ನನ್ನ ಮೇಸ್ತ್ರಿಯ ಅಂಗಡಿ."