ಬಚ್ಚಜ್ಜನ ನಾಲ್ಕು ಬೆರಳು

ಬಹಳ ಹಿಂದೆ ಒಂದೂರಿತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ಹಾಗೆ ಕೇಳಿದವರನ್ನೆಲ್ಲ ಹಿರಿಯರು ಬೈದೇ ಕಳಿಸಿದ್ದಾರೆ. ಹೊಳೆ ಬಂದು ಕಡಲಿಗೆ ಸೇರುವ ಅಳಿವೆಯ ಪಕ್ಕ, ಕಾಂಡ್ಲ ಗಿಡಗಳ ಬೇರು ನೀರಿಗೆ ಕಾಲು ಇಳಿಬಿಟ್ಟುಕೊಂಡಿರುವ ಕಡೆ, ಕಾಂಡ್ಲಕೋಡಿ ಅಂತ ಊರು. ಊರವರೆಲ್ಲ ಮೀನು ಹಿಡಿಯುವವರು. ಆ ಊರಿನಲ್ಲಿ ಬಲೆ ಹೆಣೆಯುವ ಬಚ್ಚ ಅಂತ ಒಬ್ಬನಿದ್ದನಂತೆ. ಅವನಿಗೆ ದೋಣಿ ಇರಲಿಲ್ಲ, ಗದ್ದೆ ಇರಲಿಲ್ಲ. ಇದ್ದದ್ದು ಬೆರಳು.

ಆ ಬೆರಳುಗಳ ಬಗ್ಗೆ ಜನ ಏನೇನೋ ಹೇಳುತ್ತಾರೆ. ಒಂದೊಂದು ಬೆರಳೂ ನೇಂದ್ರ ಬಾಳೆಹಣ್ಣಿನಷ್ಟಿತ್ತಂತೆ. ಅವನು ಹೊಳೆಯಲ್ಲಿ ಕೈ ತೊಳೆಯಲು ಕೂತರೆ ನೆಂಟರು ಬಂದರು ಅಂತ ಏಡಿಗಳು ಎದ್ದು ಬರುತ್ತಿದ್ದವಂತೆ. ಅಷ್ಟೆಲ್ಲ ಇರಲಿಕ್ಕಿಲ್ಲ ಬಿಡಿ, ಹೇಳುವವರ ಬಾಯಲ್ಲಿ ಬೆರಳೂ ಬೆಳೆಯುತ್ತದೆ. ಆದರೆ ದಪ್ಪ ಇದ್ದದ್ದು ಮಾತ್ರ ಹೌದು. ಬೇರೆ ಊರಿನವರು ಬಲೆಯ ಕಣ್ಣಿನ ಅಳತೆಗೆ ಬಿದಿರಿನ ಪಟ್ಟಿ ಇಟ್ಟುಕೊಂಡು ಹೆಣೆದರೆ, ಬಚ್ಚ ತನ್ನ ನಾಲ್ಕು ಬೆರಳು ಜೋಡಿಸಿ, ಅದರ ಮೇಲೆ ನೂಲು ಸುತ್ತಿ ಗಂಟು ಹಾಕುತ್ತಿದ್ದ. ಬಿದಿರು ಮೀನು ತಿನ್ನುವುದಿಲ್ಲ, ಅದಕ್ಕೆ ಅಳತೆ ಹೇಗೆ ಗೊತ್ತಾಗಬೇಕು ಅಂತ ಅವನ ವಾದ. ಅವನ ಬಲೆಯ ಕಣ್ಣು ಎಷ್ಟು ದೊಡ್ಡದೆಂದರೆ ಮರಿಮೀನುಗಳು ಅದರಲ್ಲಿ ನುಗ್ಗಿ ಆಟವಾಡಿಕೊಂಡು ಹೊರಗೆ ಹೋಗುತ್ತಿದ್ದವು. ಬಲಿತ ಮೀನು ಮಾತ್ರ ಸಿಕ್ಕಿಬೀಳುತ್ತಿತ್ತು.

ಬೆರಳು ಅಷ್ಟು ದಪ್ಪ ಆದದ್ದಕ್ಕೂ ಕಾರಣವಿತ್ತು. ಯಾರ ಮನೆಯ ಬಲೆಯೋ ಅವರ ಮನೆಯ ಜಗಲಿಯಲ್ಲೇ ಕೂತು ಹೆಣೆಯುವುದು, ಹೆಣೆದು ಮುಗಿಯುವವರೆಗೆ ಅವರ ಮನೆಯಲ್ಲೇ ಉಣ್ಣುವುದು ಆ ಊರಿನ ಪದ್ಧತಿ. ಬಚ್ಚನಿಗೆ ಊಟವೆಂದರೆ ಪ್ರಾಣ. ಒಂದು ಗಂಟು, ಒಂದು ತುತ್ತು ಅಂತ ಅವನನ್ನು ಎಲ್ಲರೂ ತಮಾಷೆ ಮಾಡುತ್ತಿದ್ದರಂತೆ. ಅವನೂ ನಗುತ್ತಿದ್ದ, ನಗುತ್ತಲೇ ಇನ್ನೊಂದು ಬಂಗುಡೆ ಬಡಿಸಿಕೊಳ್ಳುತ್ತಿದ್ದ.

ಅವನ ಹೆಂಡತಿ ಚಂದು ಮಾತ್ರ ಹುಷಾರಿನ ಹೆಂಗಸು. ಮಾವಿನ ಮಿಡಿಯ ಉಪ್ಪಿನಕಾಯಿಯನ್ನು ಎಲ್ಲಿ ಬಚ್ಚಿಟ್ಟರೂ ಗಂಡ ಖಾಲಿ ಮಾಡುತ್ತಾನೆ ಅಂತ, ಸಂತೆಯೆಲ್ಲ ಹುಡುಕಿ ಸಪೂರ ಬಾಯಿಯ ಒಂದು ಭರಣಿ ತಂದಿದ್ದಳಂತೆ. ಅದರೊಳಗೆ ಅವಳ ಕೈ ಹೋಗುತ್ತಿತ್ತು, ಅವನದು ಹೋಗುತ್ತಿರಲಿಲ್ಲ. ಅವನು ಭರಣಿಯ ಸುತ್ತ ಸುತ್ತಿ, ಅದನ್ನು ಮೂಸಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದನಂತೆ.

ಹೀಗಿರುವಾಗ ಊರಿನ ಕುಷ್ಟ ಅಂತ ಒಬ್ಬ ತರುಣ ಹೆಂಡತಿಯ ತವರಿನಲ್ಲಿ ಬಲೆ ಹೆಣೆಯುವುದು ಕಲಿತು ಬಂದ. ಅವನ ಬೆರಳು ನುಗ್ಗೆಕಾಯಿಯ ಹಾಗೆ. ಅವನು ಹೆಣೆದ ಬಲೆಯಲ್ಲಿ ಸಾಸಿವೆ ಕಟ್ಟಿಟ್ಟರೂ ಸೋರುತ್ತಿರಲಿಲ್ಲವಂತೆ. ಮೊದಲ ದಿನವೇ ಅಳಿವೆಯಲ್ಲಿ ಆ ಬಲೆ ಬಿಟ್ಟರು. ದೋಣಿ ಮುಳುಗುವಷ್ಟು ಮೀನು ಬಂತು. ಕಿರುಬೆರಳಿನಷ್ಟು ಬಂಗುಡೆ, ಉಗುರಿನಷ್ಟು ಸಿಗಡಿ, ಇನ್ನೂ ಹೆಸರಿಡದ ಮರಿಗಳು. ಊರಿಗೆ ಊರೇ ಕುಣಿಯಿತು. ಬಚ್ಚನ ಬಲೆಯಲ್ಲಿ ಇಷ್ಟು ವರ್ಷ ಅರ್ಧ ಮೀನು ಹೊರಗೇ ಹೋಗಿತ್ತಲ್ಲ ಅಂತ ಜನ ಹಣೆ ಚಚ್ಚಿಕೊಂಡರು. ಕಾಂಡ್ಲಕೋಡಿಯವರು ಹಿಡಿತದ ಜನ, ನೂಲನ್ನು ಹಾಳು ಮಾಡುವವರಲ್ಲ. ಬಚ್ಚ ಹೆಣೆದ ಬಲೆಗಳನ್ನೆಲ್ಲ ಬಿಚ್ಚಿ, ಅದೇ ನೂಲಿನಲ್ಲಿ ಕುಷ್ಟನಿಂದ ಹೊಸ ಬಲೆ ಹೆಣೆಸಿಕೊಂಡರು. ಬಚ್ಚನ ಕೈಯ ಒಂದು ಗಂಟೂ ಊರಿನಲ್ಲಿ ಉಳಿಯಲಿಲ್ಲವಂತೆ.

ಮೀನು ತಿಂದು ಮುಗಿಯಲಿಲ್ಲ. ಒಣಗಿಸಿದರು, ಹಂಚಿದರು, ಉಳಿದದ್ದನ್ನು ತೆಂಗಿನ ಬುಡಕ್ಕೆ ಗೊಬ್ಬರ ಮಾಡಿದರು. ಆಮೇಲೆ ಒಂದು ವರ್ಷ ಮೀನು ಕಡಿಮೆಯಾಯಿತು. ಮರುವರ್ಷ ಇನ್ನೂ ಕಡಿಮೆ. ಕೊನೆಗೆ ಬಲೆ ಎಳೆದರೆ ಕಸ, ಕಡ್ಡಿ, ಒಂದೆರಡು ಏಡಿ. ಬೆಳೆಯಬೇಕಾದ ಮರಿಯೆಲ್ಲ ತೆಂಗಿನ ಬುಡದಲ್ಲಿ ಮಲಗಿದ್ದರೆ ಕಡಲಿನಲ್ಲಿ ಬಂಗುಡೆ ಎಲ್ಲಿಂದ ಬರಬೇಕು? ಬುದ್ಧಿ ಬರುವ ಹೊತ್ತಿಗೆ ಮಳೆಗಾಲ ಬಂದು, ನೂಲು ಹುಣ್ಣಿಮೆಯವರೆಗೆ ಅಂತ ದೋಣಿಗಳು ದಡ ಹತ್ತಿದ್ದವು.

ಆಗ ಊರಿನ ಯಜಮಾನಿಕೆ ನರಸಿ ಗುರಿಕಾರರದು. ಅವರು ಕೊಡೆ ಹಿಡಿದುಕೊಂಡು ಬಚ್ಚನ ಮನೆಗೆ ಬಂದು, ಮೊದಲಿನ ಹಾಗೆ ಒಂದು ಬಲೆ ಹೆಣೆದುಕೊಡು ಮಾರಾಯ, ನೂಲು ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ ನಿನ್ನ ಬಲೆಯನ್ನೇ ಮೊದಲು ಇಳಿಸೋಣ ಅಂದರಂತೆ. ಬಚ್ಚನ ಸಂತೋಷಕ್ಕೆ ಪಾರವೇ ಇಲ್ಲ. ಊರೇ ಗಂಜಿಗೆ ಪರದಾಡುವ ಕಾಲ, ನಿಮ್ಮ ಮನೆಗೆ ಭಾರವಾಗುವುದಿಲ್ಲ, ನಮ್ಮ ಜಗಲಿಯಲ್ಲೇ ಹೆಣೆಯುತ್ತೇನೆ ಅಂತ ನೂಲು ತೆಗೆದುಕೊಂಡ. ಹಗಲೆಲ್ಲ ಹೆಣೆದ, ಹಾಡು ಹೇಳುತ್ತ ಹೆಣೆದ. ನೋಡಿದವರೆಲ್ಲ ಹೊಗಳಿದರು.

ಅರ್ಧ ಬಲೆ ಆಗಿತ್ತು. ಒಂದು ದಿನ ಚಂದು ಗಂಜಿಗೆ ಉಪ್ಪಿನಕಾಯಿ ತೆಗೆಯಲು ಭರಣಿಗೆ ಕೈ ಹಾಕುತ್ತಾಳೆ, ಒಂದು ಮಿಡಿಯೂ ಇಲ್ಲ. ಬೆಕ್ಕು ಉಪ್ಪಿನಕಾಯಿ ತಿನ್ನುವುದಿಲ್ಲ. ಮನೆಯಲ್ಲಿ ಮತ್ತೆ ಇದ್ದವನು ಒಬ್ಬನೇ. ಅವಳು ಸೌಟು ಹಿಡಿದುಕೊಂಡೇ ಜಗಲಿಗೆ ಬಂದಳಂತೆ.

"ಭರಣಿಯೊಳ್ಗೆ ನಿಮ್ ಕೈ ಹ್ಯಾಂಗ್ ಹೋಯ್ತ್?" ಅಂದಳು. "ತೋರ್ಸಿ ಕಾಂಬ."

ಬಚ್ಚ ಕಳ್ಳನಗೆ ನಗುತ್ತ ಕೈ ಚಾಚಿದ. ಚಂದು ಆ ಕೈ ಹಿಡಿದು ನೋಡಿದಳು. ಬೈಯಲು ಬಂದವಳು ಸೌಟು ಕೆಳಗಿಟ್ಟಳು. ಎಲುಬಿನ ಮೇಲೆ ಚರ್ಮ ಅಷ್ಟೇ ಇತ್ತು. ಯಾರ ಮನೆಯಲ್ಲೂ ಕೆಲಸವಿಲ್ಲ, ಯಾರ ಮನೆಯಲ್ಲೂ ಊಟವಿಲ್ಲ, ಬೆರಳು ದಿನಕ್ಕಿಷ್ಟು ದಿನಕ್ಕಿಷ್ಟು ಕರಗಿದ್ದು ಇಬ್ಬರಿಗೂ ಗೊತ್ತೇ ಆಗಿರಲಿಲ್ಲ. ಅವಳಿಗೆ ಅಳು ಬಂತು. ಬಚ್ಚನಿಗೆ ಬೇರೆಯೇ ಹೊಳೆಯಿತು. ಹೆಣೆದಿಟ್ಟ ಬಲೆಯ ಕಡೆ ತಿರುಗಿ ನೋಡಿದ. ಬಲೆಯ ಕಣ್ಣು ಸಣ್ಣದಾಗಿತ್ತು. ಅದು ಅವನ ಹಳೆಯ ಬಲೆಯಲ್ಲ, ಹೆಚ್ಚು ಕಡಿಮೆ ಕುಷ್ಟನ ಬಲೆಯೇ.

ಈಗ ನೋಡಿ, ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೋಲಿಸಿ ನೋಡಲು ಹಳೆಯ ಬಲೆ ಒಂದೂ ಇರಲಿಲ್ಲ. ಕಳೆದುಹೋದ ಹೆಸರು ಈಗಷ್ಟೇ ಮನೆಗೆ ವಾಪಸು ಬಂದಿತ್ತು, ಗುರಿಕಾರರೇ ನಡೆದು ಬಂದು ಕೇಳಿದ್ದರು. ಬಚ್ಚ ಆ ದಿನ ಉಣ್ಣಲಿಲ್ಲವಂತೆ. ಬಚ್ಚ ತಾನಾಗಿ ಊಟ ಬಿಟ್ಟದ್ದು ಅವನ ಆಯುಷ್ಯದಲ್ಲಿ ಅದೊಂದೇ ಸಲ ಅಂತ ಎಲ್ಲರೂ ಹೇಳುತ್ತಾರೆ, ಇದರಲ್ಲಿ ಮಾತ್ರ ಯಾರದೂ ತಕರಾರಿಲ್ಲ.

ಮರುದಿನ ಅರ್ಧ ಬಲೆಯನ್ನು ಹೆಗಲ ಮೇಲೆ ಹಾಕಿಕೊಂಡು ಗುರಿಕಾರರ ಜಗಲಿಗೆ ಹೋದ. ಊರವರೂ ಅಲ್ಲೇ ಕೂತಿದ್ದರು. ಬಲೆಯನ್ನು ಅವರ ಮುಂದೆ ಕೆಡವಿದ.

"ಗುರಿಕಾರ್ರೇ, ಈ ಬಲೆ ಕಡ್ಲಿಗೆ ಹಾಕ್ಬೇಡಿ. ಇದ್ ನನ್ ಕೈಯಲ್ಲ. ನನ್ ಕೈ ನಿಮ್ಮೆಲ್ಲರ ಮನೆ ಅನ್ನದಲ್ಲಿ ಇದ್ದಿತ್. ಈಗ ಇಲ್ಲ" ಅಂದನಂತೆ.

ಜನ ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಂದು ಅವನ ಕೈ ಹಿಡಿದು ನೋಡಿದರು. ಒಬ್ಬ ಹೇಳಿದ, ಅದಕ್ಕೇನು, ಬಿದಿರಿನಲ್ಲಿ ಒಂದು ಅಳತೆಪಟ್ಟಿ ಕೆತ್ತಿದರಾಯಿತು. ಎಷ್ಟು ಅಗಲ ಕೆತ್ತುವುದು? ಕಡಲಿಗೆ ಹೋಗುವವರು ಇಷ್ಟು ಅಂದರು, ಹೊಳೆಯಲ್ಲಿ ಹಿಡಿಯುವವರು ಅಷ್ಟು ಬೇಡ ಅಂದರು. ತನ್ನ ಬೆರಳೇ ಸರಿ ಅಂತ ಒಬ್ಬ, ನಿನ್ನದು ಆಸೆಬುರುಕನ ಬೆರಳು ಅಂತ ಇನ್ನೊಬ್ಬ. ಕೈ ತೋರಿಸುತ್ತ ತೋರಿಸುತ್ತ ಕೈ ಮಿಲಾಯಿಸುವ ಹಂತಕ್ಕೆ ಬಂತು. ಕೊನೆಗೆ ಗುರಿಕಾರರು ಎದ್ದು ನಿಂತು, ಈ ಊರು ಜಗಳವಿಲ್ಲದೆ ಒಪ್ಪಿದ್ದು ಒಂದೇ ಕೈಯನ್ನು, ಆ ಕೈಯನ್ನು ಕರಗಿಸಿದವರು ನಾವೇ, ನಾವೇ ತುಂಬಿಸಬೇಕು ಅಂದರು. ದಿನಕ್ಕೊಂದು ಮನೆಯಲ್ಲಿ ಬಚ್ಚನಿಗೆ ಊಟ ಅಂತ ತೀರ್ಮಾನವಾಯಿತು. ಚಂದುವಿನ ಭರಣಿಯನ್ನು ತಂದು ಜಗಲಿಯ ಮೇಲಿಟ್ಟರು. ಅದರೊಳಗೆ ಬಚ್ಚನ ಕೈ ಹೋಗದ ದಿನ ಅಳತೆ ಸರಿಯಾಯಿತು ಅಂತ ಲೆಕ್ಕ. ನೂಲು ಹುಣ್ಣಿಮೆಯೊಳಗೆ ಆಗಬೇಕು. ಆಗದಿದ್ದರೆ ಹಸಿದ ಹೊಟ್ಟೆ ಕಾಯುವುದಿಲ್ಲ, ಕುಷ್ಟನ ಬಲೆಗಳೇ ಇಳಿಯುತ್ತವೆ, ಉಳಿದಿರುವ ಮರಿಯೂ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ನಡೆದದ್ದನ್ನು ಕೇಳಬೇಕು ನೀವು. ಆ ಮಳೆಗಾಲ ಮಕ್ಕಳ ಹೊಟ್ಟೆಗೇ ಸಾಲದ ಊರು ಬಚ್ಚನನ್ನು ಉಣ್ಣಿಸಿತಂತೆ. ಒಬ್ಬರ ಮನೆಯಲ್ಲಿ ಹಲಸಿನ ಬೀಜದ ಸಾರು, ಇನ್ನೊಬ್ಬರಲ್ಲಿ ಕೆಸುವಿನ ದಂಟಿನ ಪಲ್ಯ, ಅಟ್ಟದ ಮೇಲೆ ಕಾಪಾಡಿಕೊಂಡಿದ್ದ ಕೊನೆಯ ಒಣಮೀನು. ಸಣ್ಣ ಕಣ್ಣಿನ ಬಲೆಯ ಮೇಲೆ ಇನ್ನೂ ಆಸೆಯಿದ್ದ ಒಂದಿಬ್ಬರು ಅಗುಳು ಹುಡುಕಬೇಕಾದಂಥ ಗಂಜಿ ಬಡಿಸಿದರಂತೆ. ಚಂದು ಪ್ರತಿ ಮನೆಗೂ ಜೊತೆಗೇ ಹೋಗಿ ಪಾತ್ರೆಯ ತಳ ಕೆದಕಿ ನೋಡುತ್ತಿದ್ದಳು, ಅವಳ ಮುಂದೆ ಯಾರ ಆಟವೂ ನಡೆಯಲಿಲ್ಲ. ದಿನಾ ಸಂಜೆ ಜಗಲಿಯಲ್ಲಿ ಊರು ಸೇರುತ್ತಿತ್ತು. ಬಚ್ಚ ಭರಣಿಗೆ ಕೈ ಹಾಕುತ್ತಿದ್ದ. ಕೈ ಸಲೀಸಾಗಿ ಒಳಗೆ ಹೋಗುತ್ತಿತ್ತು. ಎಲ್ಲರೂ ತಲೆ ತಗ್ಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಸ್ವಲ್ಪ ಬಿಗಿಯಾಯಿತು. ಆದರೂ ಹೋಗುತ್ತಿತ್ತು. ಹುಣ್ಣಿಮೆ ಹತ್ತಿರ ಬಂತು.

ಕೊನೆಯ ಸರದಿ ಕುಷ್ಟನದು. ಬಚ್ಚನ ಬೆರಳು ದಪ್ಪವಾದರೆ ಕುಷ್ಟನ ಕೆಲಸ ಹೋಯಿತು, ಅವನು ಉಪ್ಪುನೀರು ಬಡಿಸುತ್ತಾನೆ ನೋಡಿ ಅಂತ ಊರೆಲ್ಲ ಆಡಿಕೊಂಡಿತು. ಬಚ್ಚನಿಗೂ ಒಳಗೊಳಗೇ ಅಳುಕು. ಹೋಗಿ ನೋಡಿದರೆ ಕುಷ್ಟ ತನ್ನ ಮನೆಯ ಒಂದೇ ಹುಂಜವನ್ನು ಕೊಯ್ದು ಸಾರು ಮಾಡಿಸಿದ್ದ. ಕಾವಲಿಯ ಮೇಲೆ ದೋಸೆ ಏಳುತ್ತಲೇ ಇತ್ತು. ತಾನೇ ಕೂತು ಬಡಿಸಿದ.

"ಸಮಾ ಉಣ್ಣಿ ಮಾಮ" ಅಂದ. "ನಮ್ ಮಕ್ಳಿಗೆ ಬಂಗ್ಡೆ ಮುಖವೇ ಮರ್ತ್ ಹೋಯ್ತ್. ನನ್ ಬೆರಳ್ ಮಾಡಿದ್ ಕೆಲ್ಸ ಇದ್."

ಬಚ್ಚನ ಕಣ್ಣು ತುಂಬಿತು. ಕಣ್ಣು ತುಂಬಿದರೂ ದೋಸೆ ಬಿಡಲಿಲ್ಲ. ಮಧ್ಯಾಹ್ನ ಕೂತವನು ಸಂಜೆ ಎದ್ದನಂತೆ. ಕಾವಲಿ ತಣ್ಣಗಾಗಲೇ ಇಲ್ಲ ಅಂತ ಕುಷ್ಟನ ಹೆಂಡತಿ ಸಾಯುವವರೆಗೂ ಹೇಳುತ್ತಿದ್ದಳಂತೆ.

ಆ ಸಂಜೆ ಬಚ್ಚ ಭರಣಿಗೆ ಕೈ ಹಾಕಿದ. ಬೆರಳ ಗೆಣ್ಣಿನ ಹತ್ತಿರ ನಿಂತಿತು. ತಿರುಗಿಸಿದ, ಒತ್ತಿದ, ಗುರಿಕಾರರೇ ಎಣ್ಣೆ ಸವರಿ ನೋಡಿದರು. ಹೋಗಲಿಲ್ಲ. ಜನ ಹಾಕಿದ ಕೂಗು ಹೊಳೆಯ ಆಚೆ ದಡಕ್ಕೆ ಕೇಳಿ, ಅಲ್ಲಿಯವರು ಯಾರಿಗೋ ಗಂಡು ಮಗು ಹುಟ್ಟಿತು ಅಂದುಕೊಂಡರಂತೆ. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಚಂದು. ಅವಳ ಉಪ್ಪಿನಕಾಯಿ ಇನ್ನು ಉಳಿಯುತ್ತದಲ್ಲ.

ಬಚ್ಚ ನಾಲ್ಕು ಬೆರಳು ಜೋಡಿಸಿ ನೆಲದ ಮೇಲಿಟ್ಟ. ಕುಷ್ಟ ಅದರ ಅಗಲಕ್ಕೆ ಬಿದಿರಿನ ಪಟ್ಟಿ ಸೀಳಿ ಮನೆಮನೆಗೆ ಕೊಟ್ಟ. ಹೆಂಗಸರು, ಗಂಡಸರು, ಮುದುಕರು ಎಲ್ಲ ಕೂತು ಹೆಣೆದರು, ಹುಣ್ಣಿಮೆಗೆ ಸರಿಯಾಗಿ ಬಲೆ ಮುಗಿಯಿತು. ಮೊದಲ ವರ್ಷ ಸಿಕ್ಕಿದ್ದು ಸ್ವಲ್ಪವೇ. ಮರಿಗಳು ಕಣ್ಣೆದುರೇ ನುಣುಚಿ ಹೋಗುವಾಗ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಆದರೂ ತಡೆದುಕೊಂಡರು. ಮುಂದಿನ ವರ್ಷ ಸ್ವಲ್ಪ ಹೆಚ್ಚು, ಅದರ ಮುಂದಿನ ವರ್ಷ ಇನ್ನೂ ಹೆಚ್ಚು. ಆಮೇಲೆ ಒಂದು ಬೆಳಿಗ್ಗೆ ಅಳಿವೆಯ ನೀರು ಕಪ್ಪಾಗಿ ಕಾಣುವಷ್ಟು ಬಂಗುಡೆ ಬಂತಂತೆ.

ಬಚ್ಚ ಬಚ್ಚಜ್ಜನಾಗಿ, ತುಂಬಾ ಕಾಲ ಉಂಡು, ಉಂಡ ಕೈಯಲ್ಲೇ ಸತ್ತನಂತೆ. ಬಿದಿರಿನ ಪಟ್ಟಿಗಳು ಆಮೇಲೂ ಇದ್ದವು. ಆದರೆ ಬಿದಿರು ಸವೆಯುತ್ತದೆ, ಆಸೆಯಿರುವವರ ಮನೆಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಅದಕ್ಕೇ ಆ ಊರಿನಲ್ಲಿ ಈಗಲೂ ನೂಲು ಹುಣ್ಣಿಮೆಯ ಬೆಳಿಗ್ಗೆ, ಕಡಲಿಗೆ ಹಾಲು ಹೊಯ್ದು ತೆಂಗಿನಕಾಯಿ ಬಿಟ್ಟ ಮೇಲೆ, ಊರಿನಲ್ಲೇ ದಪ್ಪ ಬೆರಳಿನವರು ಯಾರು ಅಂತ ಹುಡುಕುತ್ತಾರೆ. ಹೆಂಗಸಾದರೂ ಆಯಿತು, ಗಂಡಸಾದರೂ ಆಯಿತು. ಅವರನ್ನು ಮಣೆಯ ಮೇಲೆ ಕೂರಿಸಿ ಊರೆಲ್ಲ ಬಡಿಸುತ್ತದೆ, ಸಾಕು ಅನ್ನುವಂತಿಲ್ಲ. ಉಂಡು ಎದ್ದು ಕೈ ತೊಳೆದು, ಅವರು ಒಂದೊಂದೇ ಬಲೆಯ ಕಣ್ಣಿಗೆ ನಾಲ್ಕು ಬೆರಳು ತೂರಿಸುತ್ತ ಬರುತ್ತಾರೆ. ಬೆರಳು ತೂರಿದ ಬಲೆ ದೋಣಿಗೆ, ತೂರದ ಬಲೆ ಅಟ್ಟಕ್ಕೆ.

ಇನ್ನೊಂದಿದೆ. ಆ ಊರಿನ ದೋಣಿಯಲ್ಲಿ ನೀವು ಹೋದರೆ ಕಾಣುತ್ತೀರಿ. ಬಲೆ ಎಳೆಯುವಾಗ ಒಂದು ಮರಿಮೀನು ಫಳಕ್ಕನೆ ಕಣ್ಣಿನಿಂದ ಜಾರಿ ನೀರಿಗೆ ಹೋಗುತ್ತದೆ. ಹೊಸಬರು ಅಯ್ಯೋ ಅನ್ನುತ್ತಾರೆ. ಊರಿನವರು ಹಗ್ಗದಿಂದ ಕೈ ತೆಗೆಯದೆ, ತಿರುಗಿಯೂ ನೋಡದೆ, ಒಂದೇ ಮಾತು ಹೇಳುತ್ತಾರೆ.

"ಹೋಗ್ಲಿ ಬಿಡಿ. ಬಚ್ಚಜ್ಜ ಉಣ್ಲಿ."