ಒಂದರಾಗ ಎರಡು ಹೋಗಂಗಿಲ್ಲ

ಹೂಂ ಅನ್ನಬೇಕು. ನೀವು ಹೂಂ ಅಂದರೆ ಕೋಳಿ ನಡೆಯುತ್ತದೆ. ಅನ್ನದಿದ್ದರೆ ಕೋಳಿ ದಾರಿಯಲ್ಲೇ ನಿಲ್ಲುತ್ತದೆ, ಮಳೆ ಬಂದುಬಿಡುತ್ತದೆ. ಅಂದಿರಾ? ಕೇಳಿ ಹಾಗಾದರೆ.

ಒಂದು ಕೋಳಿ. ಹೆಸರು ಚುಕ್ಕವ್ವ. ಚುಕ್ಕವ್ವನಿಗೆ ಒಂದು ದಿಬ್ಬ. ಎಷ್ಟು ದೊಡ್ಡ ದಿಬ್ಬ? ಒಂದು ಬುಟ್ಟಿ ಮಣ್ಣಿನ ದಿಬ್ಬ. ದಿಬ್ಬದ ಮೇಲೆ ಆರು ತತ್ತಿ. ಮಳೆ ಬಂದರೆ ನೀರು ಜಾರಿ ಹೋಗುತ್ತಿತ್ತು. ತತ್ತಿ ಬೆಚ್ಚಗಿರುತ್ತಿತ್ತು.

ಒಂದು ದಿನ ಚುಕ್ಕವ್ವ ಕಾಳು ಹೆಕ್ಕಲು ಹೋದಳು. ಬಂದು ನೋಡಿದಳು. ದಿಬ್ಬ ಇಲ್ಲ! ಯಾರೋ ಒಂದು ಬುಟ್ಟಿ ಮಣ್ಣು ಒಯ್ದಿದ್ದರು. ದಿಬ್ಬ ಹೋಗಿ ಸಪಾಟಾಯಿತು. ಅಷ್ಟಕ್ಕೆ ಬಿಟ್ಟರಾ? ಬಿಡಲಿಲ್ಲ. ಇನ್ನೊಂದು ಬುಟ್ಟಿ ಅಗೆದು ಒಯ್ದರು. ಸಪಾಟು ಹೋಗಿ ತಗ್ಗು ಬಿತ್ತು. ಒಂದು ಬುಟ್ಟಿ ತಗ್ಗು. ಆರು ತತ್ತಿಗಳನ್ನೂ ಜೋಪಾನವಾಗಿ ಅದೇ ತಗ್ಗಿನಲ್ಲಿ ಇಟ್ಟು ಹೋಗಿದ್ದರು. ಎಷ್ಟು ಒಳ್ಳೆಯ ಜನ ನೋಡಿ!

ಪಡುವಣದಲ್ಲಿ ಕರಿ ಮೋಡ. ಮಳೆ ಬಂದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನೀರು ನಿಂತರೆ ತತ್ತಿ ತಣ್ಣಗಾಗುತ್ತದೆ. ತಣ್ಣಗಾದ ತತ್ತಿಯಿಂದ ಮರಿ ಬರುವುದಿಲ್ಲ.

ಉದುರಿದ ಮಣ್ಣಿನ ಜಾಡು ಹಿಡಿದು ಚುಕ್ಕವ್ವ ಓಡಿದಳು. ಜಾಡು ಕುಂಬಾರ ಯಂಕಣ್ಣನ ಅಂಗಳದಲ್ಲಿ ನಿಂತಿತು.

"ಕುಂಬಾರ ಯಂಕಣ್ಣ, ಕುಂಬಾರ ಯಂಕಣ್ಣ,
ಒಂದು ಬುಟ್ಟಿ ದಿಬ್ಬ ಇತ್ತು.
ಎರಡು ಬುಟ್ಟಿ ಮಣ್ಣು ಹೋತು.
ಒಂದು ಬುಟ್ಟಿ ತಗ್ಗು ಬಿತ್ತು.
ತಗ್ಗಿನಾಗ ನನ್ನ ಆರು ತತ್ತಿ.
ಮಳಿ ಬಂದ್ರ ಏನು ಗತಿ?
ನನ್ನ ಮಣ್ಣು ಕೊಡು."

ಯಂಕಣ್ಣ ತಿಗರಿ ನಿಲ್ಲಿಸಲಿಲ್ಲ. ಗಡಿಗೆ ಮಾಡುತ್ತಲೇ ಹೇಳಿದ.

"ಹೆಂಗ ಕೊಡ್ಲಿ ಚುಕ್ಕವ್ವ? ನನ್ನ ಅಂಗಳದಾಗ ಎರಡು ಬುಟ್ಟಿ ತಗ್ಗು ಬಿದ್ದಿತ್ತು. ನಿನ್ನ ಎರಡು ಬುಟ್ಟಿ ಹಾಕಿದೆ. ಸಪಾಟಾತು. ನನ್ನ ಮಣ್ಣು ಮಗ್ಗದ ನೀಲಕ್ಕ ಒಯ್ದಾಳ. ಆಕಿ ಕೊಟ್ರ ನಾ ಕೊಡ್ತೀನಿ."

ಚುಕ್ಕವ್ವ ಮಗ್ಗದ ನೀಲಕ್ಕನ ಹತ್ತಿರ ಹೋದಳು. ಮೋಡ ಊರ ಅಗಸೆ ಬಾಗಿಲಿಗೆ ಬಂತು.

"ಮಗ್ಗದ ನೀಲಕ್ಕ, ಮಗ್ಗದ ನೀಲಕ್ಕ,
ಒಂದು ಬುಟ್ಟಿ ದಿಬ್ಬ ಇತ್ತು.
ಎರಡು ಬುಟ್ಟಿ ಮಣ್ಣು ಹೋತು.
ಒಂದು ಬುಟ್ಟಿ ತಗ್ಗು ಬಿತ್ತು.
ತಗ್ಗಿನಾಗ ನನ್ನ ಆರು ತತ್ತಿ.
ಮಳಿ ಬಂದ್ರ ಏನು ಗತಿ?
ನೀ ಕೊಟ್ರ ಯಂಕಣ್ಣ ಕೊಡ್ತಾನ.
ಯಂಕಣ್ಣ ಕೊಟ್ರ ನನ್ನ ತಗ್ಗು ತುಂಬತೈತಿ."

ನೀಲಕ್ಕ ಲಾಳಿ ಎಸೆದಳು. ಅತ್ತ ಎಸೆದಳು, ಇತ್ತ ಎಸೆದಳು.

"ಹೆಂಗ ಕೊಡ್ಲೆ ಯವ್ವ? ನನ್ನ ಬಾಗಿಲದಾಗ ಎರಡು ಬುಟ್ಟಿ ತಗ್ಗು ಬಿದ್ದಿತ್ತು. ದಿನಾ ಎಡವಿ ಬೀಳತಿದ್ದೆ. ಎರಡು ಬುಟ್ಟಿ ತಂದು ಹಾಕಿದೆ. ಸಪಾಟಾತು. ನನ್ನ ಮಣ್ಣು ಗಾಣದ ಸಂಗಣ್ಣ ಒಯ್ದಾನ. ಅವ ಕೊಟ್ರ ನಾ ಕೊಡ್ತೀನಿ."

ಚುಕ್ಕವ್ವ ಗಾಣದ ಸಂಗಣ್ಣನ ಹತ್ತಿರ ಹೋದಳು. ಮೋಡ ಗಾಣದ ಮನೆಯ ಮೇಲೆ ಬಂತು.

"ಗಾಣದ ಸಂಗಣ್ಣ, ಗಾಣದ ಸಂಗಣ್ಣ,
ಒಂದು ಬುಟ್ಟಿ ದಿಬ್ಬ ಇತ್ತು.
ಎರಡು ಬುಟ್ಟಿ ಮಣ್ಣು ಹೋತು.
ಒಂದು ಬುಟ್ಟಿ ತಗ್ಗು ಬಿತ್ತು.
ತಗ್ಗಿನಾಗ ನನ್ನ ಆರು ತತ್ತಿ.
ಮಳಿ ಬಂದ್ರ ಏನು ಗತಿ?
ನೀ ಕೊಟ್ರ ನೀಲಕ್ಕ ಕೊಡ್ತಾಳ.
ನೀಲಕ್ಕ ಕೊಟ್ರ ಯಂಕಣ್ಣ ಕೊಡ್ತಾನ.
ಯಂಕಣ್ಣ ಕೊಟ್ರ ನನ್ನ ತಗ್ಗು ತುಂಬತೈತಿ."

ಸಂಗಣ್ಣನ ಎತ್ತು ಸುತ್ತುತ್ತಿತ್ತು. ಸಂಗಣ್ಣ ಹೊಯ್ ಅನ್ನುತ್ತಿದ್ದ.

"ಹೆಂಗ ಕೊಡ್ಲಿ? ಎತ್ತು ತಿರುಗೋ ದಾರ್ಯಾಗ ಎರಡು ಬುಟ್ಟಿ ತಗ್ಗು ಬಿದ್ದಿತ್ತು. ಎರಡು ಬುಟ್ಟಿ ಹಾಕಿದೆ. ಸಪಾಟಾತು. ನನ್ನ ಮಣ್ಣು ಗೌಡ್ರು ಒಯ್ದಾರ. ಅವರು ಕೊಟ್ರ ನಾ ಕೊಡ್ತೀನಿ."

ಯಾರಾದರೂ ಆ ಆರು ತತ್ತಿ ಎತ್ತಿ ಆಚೆ ಇಡಬಹುದಿತ್ತಲ್ಲ ಅಂತೀರಾ? ಇಡಬಹುದಿತ್ತು. ಒಬ್ಬರ ಕೈಗೂ ಪುರುಸೊತ್ತಿರಲಿಲ್ಲ.

ಚುಕ್ಕವ್ವ ಗೌಡರ ಹತ್ತಿರ ಹೋದಳು. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಕಟ್ಟೆ ಎರಡು ಬುಟ್ಟಿ ಎತ್ತರವಾಗಿತ್ತು. ಯಾಕೆ? ಎಲ್ಲರ ತಲೆಯೂ ತಮಗಿಂತ ಕೆಳಗಿರಲಿ ಅಂತ. ಅಷ್ಟೇ.

"ಗೌಡ್ರ, ಗೌಡ್ರ,
ಒಂದು ಬುಟ್ಟಿ ದಿಬ್ಬ ಇತ್ರಿ.
ಎರಡು ಬುಟ್ಟಿ ಮಣ್ಣು ಹೋತ್ರಿ.
ಒಂದು ಬುಟ್ಟಿ ತಗ್ಗು ಬಿತ್ರಿ.
ತಗ್ಗಿನಾಗ ನನ್ನ ಆರು ತತ್ತಿ.
ಮಳಿ ಬಂದ್ರ ಏನು ಗತಿ?
ನೀವು ಕೊಟ್ರ ಸಂಗಣ್ಣ ಕೊಡ್ತಾನ.
ಸಂಗಣ್ಣ ಕೊಟ್ರ ನೀಲಕ್ಕ ಕೊಡ್ತಾಳ.
ನೀಲಕ್ಕ ಕೊಟ್ರ ಯಂಕಣ್ಣ ಕೊಡ್ತಾನ.
ಯಂಕಣ್ಣ ಕೊಟ್ರ ನನ್ನ ತಗ್ಗು ತುಂಬತೈತಿ."

ಗೌಡರು ನಕ್ಕರು.

"ಒಂದು ಬುಟ್ಟಿ ದಿಬ್ಬದಾಗ ಎರಡು ಬುಟ್ಟಿ ಹೋತಾ? ಮಾಸ್ತರ, ಲೆಕ್ಕ ಹೇಳ್ರಿ."

ಕಟ್ಟೆಯ ಕೆಳಗೆ ಊರ ಮಾಸ್ತರರು ಕೂತಿದ್ದರು. ಪಾಟಿ ತೆಗೆದರು. ಮೇಲೆ ಒಂದು ಬರೆದರು. ಕೆಳಗೆ ಎರಡು ಬರೆದರು. ಗೌಡರ ಮುಖ ನೋಡಿದರು.

"ಒಂದರಾಗ ಎರಡು ಹೋಗಂಗಿಲ್ಲ."

"ಹೋಗ್ಯಾವ್ರಿ ಮಾಸ್ತರ. ಒಂದು ಹೋದಾಗ ಸಪಾಟಾತು. ಇನ್ನೊಂದು ಹೋದಾಗ ತಗ್ಗು ಬಿತ್ತು. ನನ್ನ ತತ್ತಿ ಅದರಾಗ ಅದಾವ್ರಿ."

"ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ."

"ಕೇಳಿದ್ಯಾ?" ಅಂದರು ಗೌಡರು. "ಹೋಗಂಗಿಲ್ಲ ಅಂದಮ್ಯಾಲೆ ತಗ್ಗು ಎಲ್ಲಿಂದ ಬಂತು? ತಗ್ಗೇ ಇಲ್ಲ. ನಡಿ, ತೋರಸ್ತೀನಿ."

ಗೌಡರು ನಡೆದರು. ತಲೆ ಎತ್ತಿ ನಡೆದರು. ಹಿಂದೆ ಮಾಸ್ತರರು. ಮಾಸ್ತರರ ಹಿಂದೆ ಸಂಗಣ್ಣ, ನೀಲಕ್ಕ, ಯಂಕಣ್ಣ. ತಮಾಷೆ ನೋಡಲು ಎಲ್ಲರಿಗೂ ಪುರುಸೊತ್ತು ಸಿಕ್ಕಿತು.

"ಕೆಳಗ ನೋಡ್ರಿ ಗೌಡ್ರ! ತತ್ತಿ ಅದಾವ್ರಿ! ನಿಲ್ರಿ!" ಚುಕ್ಕವ್ವ ರೆಕ್ಕೆ ಬಡಿದಳು. ಕಾಲಿಗೆ ಅಡ್ಡ ಹೋದಳು.

"ಇಲ್ಲದ ತಗ್ಗಿಗೆ ನಾ ಯಾಕ ಕೆಳಗ ನೋಡ್ಲಿ?" ಅಂದರು ಗೌಡರು. ಕಾಲಿಟ್ಟರು.

ಧಡಕ್!

ಗೌಡರು ಬಿದ್ದರು. ಕಾಲು ಉಳುಕಿತು. ತಗ್ಗಿನಲ್ಲಿ ಟಪ್ ಅಂತ ಇನ್ನೊಂದು ಸಣ್ಣ ಸದ್ದಾಯಿತು. ಅದನ್ನು ಚುಕ್ಕವ್ವ ಒಬ್ಬಳೇ ಕೇಳಿದಳು.

ಗೌಡರು ಕೆಳಗೆ. ಊರೆಲ್ಲ ಮೇಲೆ. ಎಲ್ಲರೂ ಬಗ್ಗಿ ನೋಡಿದರು.

"ಅಯ್ಯಯ್ಯೋ, ತಗ್ಗು! ಈ ತಗ್ಗು ತೆಗೀರಿ!" ಗೌಡರು ಕೂಗಿದರು.

ಯಂಕಣ್ಣ ಸಲಿಕೆ ತಂದ. ತಗ್ಗು ತೆಗೆ ಅಂದರೆ ಅಗೆ ಅಂತಲ್ಲವೇ? ಅಗೆಯಲು ಹೋದ!

"ಬ್ಯಾಡೋ ಯಣ್ಣಾ!" ಚುಕ್ಕವ್ವ ಚೀರಿದಳು. "ತಗ್ಗು ಕಳೀಬೇಕಂದ್ರ ಮಣ್ಣು ಕೂಡಸ್ಬೇಕು!"

ಮಣ್ಣು ಯಾರು ಕೊಡುತ್ತಾರೆ? "ನಂದು ಸಪಾಟು. ಕೊಟ್ರ ತಗ್ಗು ಬೀಳತೈತಿ. ನೀಲಕ್ಕ ಕೊಡ್ಲಿ," ಅಂದ ಯಂಕಣ್ಣ. "ನಂದು ಸಪಾಟು. ಸಂಗಣ್ಣ ಕೊಡ್ಲಿ," ಅಂದಳು ನೀಲಕ್ಕ. "ನಂದು ಸಪಾಟು. ಗೌಡ್ರು..." ಅಂದ ಸಂಗಣ್ಣ. ಬಾಯಿ ಮುಚ್ಚಿಕೊಂಡ.

ಮೊದಲ ಹನಿ ಬಿತ್ತು. ಗೌಡರ ಮೂಗಿನ ಮೇಲೆ ಬಿತ್ತು.

"ನನ್ನ ಕಟ್ಟಿ ಅಗೀರಿ!" ಗೌಡರು ಅರಚಿದರು. ಊರಿಗೆಲ್ಲ ಕೇಳಿತು. ಆಡಿದ ಮಾತು ನುಂಗಲಿಕ್ಕೆ ಬರಲಿಲ್ಲ.

ಗೌಡರನ್ನು ಎತ್ತಿ ಆಚೆ ಕೂರಿಸಿದರು. ಉಳಿದ ತತ್ತಿಗಳನ್ನು ನೀಲಕ್ಕ ಸೆರಗಿನಲ್ಲಿ ತೆಗೆದುಕೊಂಡಳು. ಆಮೇಲೆ ಓಡಿದರು.

ಗೌಡರ ಕಟ್ಟೆಯಿಂದ ಎರಡು ಬುಟ್ಟಿ ಸಂಗಣ್ಣನಿಗೆ ಬಂತು.
ಸಂಗಣ್ಣನಿಂದ ಎರಡು ಬುಟ್ಟಿ ನೀಲಕ್ಕನಿಗೆ ಬಂತು.
ನೀಲಕ್ಕನಿಂದ ಎರಡು ಬುಟ್ಟಿ ಯಂಕಣ್ಣನಿಗೆ ಬಂತು.
ಯಂಕಣ್ಣನಿಂದ ಎರಡು ಬುಟ್ಟಿ ಚುಕ್ಕವ್ವನ ತಗ್ಗಿಗೆ ಬಂತು.

ಒಂದು ಬುಟ್ಟಿ ಸುರಿದರು. ತಗ್ಗು ಸಪಾಟಾಯಿತು.

"ಸಾಕಲ್ಲ?" ಅಂದರು ಗೌಡರು. "ಇನ್ನೊಂದು ನನ್ನ ಕಟ್ಟಿಗಿರಲಿ."

"ಇಲ್ರಿ. ನಂದು ದಿಬ್ಬ ಇತ್ತು."

ಇನ್ನೊಂದು ಬುಟ್ಟಿ ಸುರಿದರು. ದಿಬ್ಬ ಬಂತು. ಒಂದು ಬುಟ್ಟಿ ದಿಬ್ಬ. ನೀಲಕ್ಕ ತತ್ತಿ ಇಟ್ಟಳು. ಚುಕ್ಕವ್ವ ಹತ್ತಿ ಕೂತಳು. ಮಳೆ ಧೋ ಅಂತ ಬಂತು. ನೀರು ದಿಬ್ಬದಿಂದ ಜಾರಿ ಹೋಯಿತು.

ಮಾಸ್ತರರು ಪಾಟಿ ಒರೆಸಿದರು.

"ಗೌಡ್ರದು ಎರಡರಾಗ ಎರಡು ಹೋತು. ಸಪಾಟು. ಸಂಗಣ್ಣಂದು ಸಪಾಟು. ನೀಲಕ್ಕಂದು ಸಪಾಟು. ಯಂಕಣ್ಣಂದು ಸಪಾಟು. ಕೋಳಿದು ಒಂದು ತಗ್ಗು, ಎರಡು ಬುಟ್ಟಿ ಕೂಡಿ ಒಂದು ದಿಬ್ಬ. ಎಲ್ಲಾರ ಲೆಕ್ಕ ಸರಿ ಬಂತು."

"ಮಾಸ್ತರ, ನನ್ನ ತತ್ತಿದು ಲೆಕ್ಕ?" ಕೇಳಿದಳು ಚುಕ್ಕವ್ವ. "ಆರಿದ್ದುವ್ರಿ. ಒಂದು ಒಡೀತು."

ಅದಕ್ಕೆ ಪಾಟಿಯೂ ಬೇಕಾಗಲಿಲ್ಲ.

"ಆರರಾಗ ಒಂದಾ? ಹೋಗತೈತಿ," ಅಂದರು ಮಾಸ್ತರರು. "ಸಲೀಸ ಹೋಗತೈತಿ."

ಚುಕ್ಕವ್ವ ಐದು ತತ್ತಿಗಳ ಮೇಲೆ ರೆಕ್ಕೆ ಹರಡಿದಳು. ಆರಕ್ಕೆ ಆಗುವಷ್ಟು ಹರಡಿದಳು.

ಮಾಸ್ತರರ ಈ ಲೆಕ್ಕಕ್ಕೆ ಮಾತ್ರ ಹೂಂ ಅನ್ನಬೇಡಿ ಮಕ್ಕಳೇ.